ಕಣ್ಣಿನ ಕೆಂಪು ನೋಡುತ್ತಿದ್ದ ತಿಕೋಟದಾಕಿ

ಆಕೆ ನನ್ನನ್ನು ಮೊದಲ ಸಲ ಕಂಡಾಗ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಹಿಟ್ಟು ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕಣ್ಣಿನ ಕೆಳಗಿನ ರೆಪ್ಪೆ ಹಿಡಿದು ಕೆಳಕ್ಕೆ ಎಳೆದಳು. ಎಮ್ಮೆ ಕೊಳ್ಳುವವರು ಹಲ್ಲು ನೋಡುವ ಹಾಗೆ ನೋಡಿದಳು. ಆಮೇಲೆ ಬಿಟ್ಟು, ಮತ್ತೆ ರೊಟ್ಟಿ ಬಡಿಯಲು ಕೂತಳು.

ಹೋದ ತಿಂಗಳು ದವಾಖಾನೆಯ ನರ್ಸಬಾಯಿ ನಮ್ಮ ಮನೆಗೆ ಬಂದು, ಬಸುರಿ ಇರುವ ನನ್ನ ಮೊಮ್ಮಗನ ಹೆಂಡತಿಯ ಕಣ್ಣನ್ನು ಹಾಗೆಯೇ ಎಳೆದು ನೋಡಿದಳು. ಕೆಂಪು ಗುಳಿಗೆ ಕೊಟ್ಟು ಹೋದಳು. ಆ ಬೆರಳು ಕಂಡ ಮೇಲೆ ನನಗೆ ತಿಕೋಟದಾಕಿಯ ನೆನಪು ಬಿಡಲಿಲ್ಲ. ನಾನು ಕಲಿತದ್ದು ಎರಡನೆಯ ಇಯತ್ತೆ. ಅಕ್ಷರ ಸೊಟ್ಟ, ಒತ್ತು ತಪ್ಪುತ್ತವೆ. ಓದುವವರು ತಿದ್ದಿಕೊಳ್ಳಲಿ.

ಆಕೆಯ ಹೆಸರು ಇಲ್ಲಿ ಹಾಕುವುದಿಲ್ಲ. ಬದುಕಿದ್ದಾಗಲೂ ಯಾರೂ ಆಕೆಯನ್ನು ಹೆಸರು ಹಿಡಿದು ಕರೆದವರಲ್ಲ. ತಿಕೋಟಾ ಆಕೆಯ ಊರು, ಅದಕ್ಕೆ ಬಬಲೇಶ್ವರದವರ ಬಾಯಲ್ಲಿ ತಿಕೋಟದಾಕಿ. ಗಂಡ ಇರಲಿಲ್ಲ. ಬಬಲೇಶ್ವರದಲ್ಲಿ ಅಕ್ಕನ ಮನೆ ಇತ್ತು. ಅಲ್ಲಿ ಇದ್ದುಕೊಂಡು ಮದುವೆ, ಬಸುರಿಯರ ಕುಬಸ, ತೊಟ್ಟಿಲು ಎಂದರೆ ಸಾಕು, ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಗಿಡ್ಡ ಆಳು, ಅಗಲವಾದ ಅಂಗೈ, ಎಡ ಮುಂಗೈ ಮೇಲೆ ಹಂಚು ಸುಟ್ಟ ಕಲೆ. ತಂಬಾಕು ಹಾಕುತ್ತಿದ್ದಳು. ಮಾತು ಕೊಡಲಿಯ ಹಾಗೆ. ಚೆಂದದ ಹೆಂಗಸು ಅಂತ ಯಾರೂ ಅನ್ನುವ ಹಾಗಿರಲಿಲ್ಲ, ನಾನೂ ಅನ್ನುವುದಿಲ್ಲ.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ಸಕ್ಕರೆ, ಸೀಮೆಎಣ್ಣೆ ಎಲ್ಲ ಚೀಟಿಯ ಮೇಲೆ. ನಾನು ಭೂತನಾಳದವಳು. ಕೆರೆಯ ಮಗ್ಗುಲ ಹೊಲದಲ್ಲಿ ಹಕ್ಕರಿಕಿ ಸೊಪ್ಪು ಹರಿದು ಹಸಿಯದೇ ತಿಂದು ಬೆಳೆದವಳು. ತಾಯಿ ನನ್ನ ಸಣ್ಣಂದಿನಲ್ಲೇ ಸತ್ತಿದ್ದಳು. ಹದಿನೈದಕ್ಕೆ ಬಬಲೇಶ್ವರಕ್ಕೆ ಮದುವೆ ಮಾಡಿ ಕೊಟ್ಟರು. ಅನುಕೂಲದ ಮನೆ. ಮಾವನಿಗೆ ಹೊಲ ಇತ್ತು, ವಿಜಾಪುರದ ಪೇಟೆಯಲ್ಲಿ ಕಾಳಿನ ಅಂಗಡಿ ಇತ್ತು. ಹೋಗುವಾಗ ನಾನು ಕರ್ರಗೆ, ಗಟ್ಟಿಯಾಗಿ, ಗುಂಡುಕಲ್ಲಿನ ಹಾಗೆ ಇದ್ದೆ. ಎರಡು ವರ್ಷದಲ್ಲಿ ಒಂದು ಬಸುರು ಐದು ತಿಂಗಳಿಗೇ ಇಳಿದುಹೋಯಿತು. ನಾನು ಬೆಳ್ಳಗಾದೆ.

ಬೆಳ್ಳಗಾದೆ ಅನ್ನುವುದು ನನ್ನ ಮಾತಲ್ಲ, ಅತ್ತೆಯ ಮಾತು. ನನ್ನ ನಾದಿನಿಯ ಮದುವೆಗೆ ಬಂದ ಬೀಗರ ಹೆಂಗಸರಿಗೆಲ್ಲ ಅತ್ತೆ ನನ್ನನ್ನು ತೋರಿಸಿ, ಬಂದಾಗ ಹಂಚಿನ ತಳದ ಹಾಗಿದ್ದ ಹುಡುಗಿ, ನಮ್ಮ ಮನೆಯ ನೆರಳಿಗೆ ಹೇಗೆ ತಿಳಿಯಾಗಿದ್ದಾಳೆ ನೋಡಿ ಅಂತ ಹೇಳುತ್ತಿದ್ದಳು. ನನಗೂ ಒಳಗೊಳಗೇ ಹಿಗ್ಗು. ಆ ಮದುವೆಯಲ್ಲೇ ತಿಕೋಟದಾಕಿ ನನ್ನ ಕಣ್ಣು ಎಳೆದದ್ದು. ಅತ್ತೆ ಅದನ್ನು ನೋಡಿ, ಆಕೆಯ ಮುಂದೂ ಅದೇ ಮಾತು ಹೇಳಿದಳು. ತಿಕೋಟದಾಕಿ ರೊಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.

"ಬೆಳ್ಳಗಾಗಿಲ್ಲರಿ ಯವ್ವಾ. ಖಾಲಿ ಆಗ್ಯಾಳ."

ಮದುವೆ ಮನೆಯಲ್ಲಿ ಆಡುವ ಮಾತಲ್ಲ ಅದು. ಅತ್ತೆ ಆ ಹೊತ್ತಿಗೆ ಕೇಳದವಳ ಹಾಗೆ ಹೋದಳು. ಆದರೆ ಮದುವೆಯ ದಗದ ಕೆಲಸದಲ್ಲಿ ಅತ್ತೆಯ ಮಣಿಕಟ್ಟು ಬಾತು, ಹಿಟ್ಟು ನಾದಲು ಬರದಂತಾಯಿತು. ನನಗೆ ಮತ್ತೆ ನೀರು ನಿಂತು ಬಸುರಾಗಿದ್ದೆ, ಒಲೆಯ ಮುಂದೆ ಕೂತರೆ ತಲೆ ತಿರುಗುತ್ತಿತ್ತು. ಊರಲ್ಲಿ ದಿನಾ ಬಂದು ರೊಟ್ಟಿ ಬಡಿಯುವಷ್ಟು ಬಿಡುವು ಇದ್ದವಳು ತಿಕೋಟದಾಕಿ ಒಬ್ಬಳೇ. ಅತ್ತೆ ಮನಸ್ಸಿಲ್ಲದ ಮನಸ್ಸಿನಿಂದ ಹೇಳಿ ಕಳಿಸಿದಳು. ಆಕೆ ಬಂದಳು.

ಬಂದ ಮೂರನೆಯ ದಿನವೇ ನನ್ನ ಗುಟ್ಟು ಹಿಡಿದಳು. ಬೀಸುಕಲ್ಲಿನ ಹಿಂದೆ ಗೋಡೆಯ ಮೂಲೆಯಲ್ಲಿ ಒಂದು ಗೇಣಿನಷ್ಟು ಮಣ್ಣು ಕೆರೆದುಹೋಗಿತ್ತು. ನಾನು ಅದನ್ನು ತಿನ್ನುತ್ತಿದ್ದೆ. ಯಾಕೆ ತಿನ್ನುತ್ತಿದ್ದೆ ಅಂದರೆ ಹೇಳಲು ಬರುವುದಿಲ್ಲ. ಮಣ್ಣಿಗೆ ನೀರು ಬಿದ್ದ ವಾಸನೆ ಬಂದರೆ ಬಾಯಲ್ಲಿ ನೀರು ಬರುತ್ತಿತ್ತು. ಇಲಿ ಕೆರೆದಿದೆ ಅಂತ ಅತ್ತೆಗೆ ಹೇಳಿದ್ದೆ. ತಿಕೋಟದಾಕಿ ಆ ಮೂಲೆಯನ್ನು ನೋಡಿದಳು, ನನ್ನ ಉಗುರು ನೋಡಿದಳು. ಉಗುರು ಚಮಚದ ಹಾಗೆ ಗುಳಿ ಬಿದ್ದಿದ್ದವು. ಅತ್ತೆ ಪಕ್ಕದಲ್ಲೇ ಇದ್ದಳು. ಈಗ ಹೇಳುತ್ತಾಳೆ ಅಂತ ನಾನು ಉಗುರನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಆಕೆ ಸಗಣಿ, ಮಣ್ಣು ಕಲಸಿ ತಂದು ಆ ಮೂಲೆ ಮೆತ್ತಿದಳು. ಈ ಇಲಿಗೆ ಹೊಟ್ಟೆ ಬಹಳ ಹಸಿದಿದೆ, ಬೇರೆ ಏನಾದರೂ ಹಾಕಬೇಕು ಅಂದಳು. ಅಷ್ಟೇ.

ಆಕೆಗೆ ಇದೆಲ್ಲ ಹೇಗೆ ಗೊತ್ತು ಅನ್ನುವುದನ್ನು ನನಗೆ ಒಂದೇ ಸಲ ಹೇಳಿದಳು, ಮಡಕೆ ಕಾಳು ಆರಿಸುತ್ತ. ಆಕೆಗೆ ಒಬ್ಬಳೇ ಮಗಳು. ವಿಜಾಪುರದಲ್ಲಿ ಗೋಳಗುಮ್ಮಟದ ಹತ್ತಿರದ ಒಂದು ಮನೆಗೆ ಕೊಟ್ಟಿದ್ದಳು. ಪೇಟೆಯ ಮನೆ ಅಂದರೆ ಬೆಳ್ಳನ್ನ ಜೋಳದ ರೊಟ್ಟಿ, ಊಟವಾದ ಕೂಡಲೇ ಚಹಾ. ಏಳು ತಿಂಗಳ ಬಸುರಿ ಮಗಳು ತಿಕೋಟಾಕ್ಕೆ ಬಾಣಂತನಕ್ಕೆ ಬಂದಾಗ ಓಣಿಯೇ ಸೇರಿತಂತೆ. ಬೆಣ್ಣೆಯ ಹಾಗೆ ಆಗಿದ್ದಾಳೆ, ದೊರೆಸಾನಿಯ ಹಾಗೆ ಆಗಿದ್ದಾಳೆ ಅಂದರಂತೆ. ತಾಯಿಗೆ ಎಲ್ಲಿ ದೃಷ್ಟಿ ತಾಗುತ್ತದೋ ಅನ್ನುವ ಹೆದರಿಕೆ. ದಿನಾ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಹೆರಿಗೆಯ ದಿನ ಮಗಳಿಗೆ ಹೋದ ರಕ್ತ ಬಹಳವೇನಲ್ಲ. ಇದ್ದದ್ದೇ ಅಷ್ಟು. ಗಾಡಿಯಲ್ಲಿ ಹಾಕಿಕೊಂಡು ವಿಜಾಪುರಕ್ಕೆ ಹೋದರು. ದವಾಖಾನೆಯ ನರ್ಸಬಾಯಿ ಉಸಿರು ನಿಂತ ಹುಡುಗಿಯ ಕಣ್ಣಿನ ರೆಪ್ಪೆ ಕೆಳಗೆ ಎಳೆದು ತೋರಿಸಿದಳಂತೆ. ಒಳಗೆ ಸುಣ್ಣ ಬಳಿದ ಹಾಗೆ ಇತ್ತು. ಬೈಯಲಿಲ್ಲ, ತಾಯಿಯನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು, ರಕ್ತದಲ್ಲಿ ಕಬ್ಬಿಣ ಇರುತ್ತದೆ, ಅದು ಇಲ್ಲದಿದ್ದರೆ ರಕ್ತ ಹೀಗಾಗುತ್ತದೆ ಅಂತ.

ಕಾಳು ಆರಿಸುವುದು ನಿಲ್ಲಿಸಿ ತಿಕೋಟದಾಕಿ ಅಂದಳು:

"ಸಾಯಾಕತ್ತಾಳಂತ ಗೊತ್ತಾಗಲಿಲ್ಲ ಬೇ ನನಗ. ಚೆಂದ ಆಗ್ಯಾಳಂತ ತಿಳಕೊಂಡಿದ್ನಿ."

ಮಗಳು ಹೋದಂದಿನಿಂದ ಆಕೆಗೆ ಕಂಡ ಕಂಡ ಹೆಂಗಸರ ಕಣ್ಣು ಎಳೆಯುವುದು ಹತ್ತಿತು. ಬಾವಿಯ ಹತ್ತಿರ, ಸಂತೆಯಲ್ಲಿ, ಗುಡಿಯ ಮೆಟ್ಟಿಲ ಮೇಲೆ. ಒಂದು ಮದುವೆಯಲ್ಲಿ ಅರಿಸಿಣ ಹಚ್ಚಿ ಕೂರಿಸಿದ ಮದುಮಗಳ ಕಣ್ಣನ್ನೇ ಎಳೆದು, ಬೀಗರು ಎದ್ದು ನಿಲ್ಲುವ ಹಾಗೆ ಮಾಡಿದ್ದಳು. ಒಮ್ಮೆ ಊರಲ್ಲಿ ಕಣ್ಣುಬೇನೆ ಎದ್ದಾಗಲೂ ಬಿಡದೆ ಎಳೆದು, ಅರ್ಧ ಓಣಿಗೆ ಬೇನೆ ಹಂಚಿದಳು ಅಂತ ಬೈಸಿಕೊಂಡಳು. ಆ ಬೈಗುಳ ಸರಿಯಾದದ್ದೇ. ಮಾಂಸ ತಿನ್ನುವ ಮನೆಗಳ ಹೆಂಗಸರಿಗೆ, ಆಡಿನ ಯಕೃತ್ತು ಗಂಡನ ತಾಟಿಗೆ ಹಾಕಬೇಡ, ನೀನು ತಿನ್ನು ಅಂತ ಹೇಳುತ್ತಿದ್ದಳು. ತಾನು ಮಾಂಸ ಮುಟ್ಟುವವಳಲ್ಲ. ಹೇಳುವಷ್ಟು ಹೊತ್ತು ಸೆರಗಿನಿಂದ ಮೂಗು ಮುಚ್ಚಿಕೊಂಡಿರುತ್ತಿದ್ದಳು.

ಆಕೆ ಹೇಳಿದ್ದೆಲ್ಲ ಸರಿ ಇರಲಿಲ್ಲ. ಕುದುರೆಯ ಲಾಳ ನೆನೆಹಾಕಿದ ನೀರು ಕುಡಿಸಿದಳು, ನಾನು ಅಂಗಳದಲ್ಲೇ ಕಾರಿಕೊಂಡೆ. ಅದನ್ನು ಅಲ್ಲಿಗೇ ಬಿಟ್ಟಳು. ಆದರೆ ನರ್ಸಬಾಯಿಯ ಮಾತಿನಿಂದ ಆಕೆಯ ತಲೆಯಲ್ಲಿ ಒಂದು ಲೆಕ್ಕ ಕೂತಿತ್ತು. ರಕ್ತಕ್ಕೆ ಕಬ್ಬಿಣ ಬೇಕಾದರೆ ಅಡಿಗೆ ಕಬ್ಬಿಣದಲ್ಲಿ ಬೇಯಬೇಕು. ಅದು ಸರಿ ಇತ್ತು ಅಂತ ಈಗಿನವರೂ ಹೇಳುತ್ತಾರೆ.

ನಮ್ಮ ಮನೆಯಲ್ಲಿ ಕಬ್ಬಿಣ ಇರಲಿಲ್ಲ. ಯುದ್ಧಕ್ಕೆ ಮೊದಲು ಮಾವ ವಿಜಾಪುರದಿಂದ ಜರ್ಮನ್ ಪಾತ್ರೆ, ಅಂದರೆ ಅಲ್ಯುಮಿನಿಯಂ ಪಾತ್ರೆ, ತಂದಿದ್ದ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು, ಅತ್ತೆಗೆ ಅವುಗಳ ಮೇಲೆ ಜೀವ. ಹಳೆಯ ಕಬ್ಬಿಣದ ಬಾಣಲೆ ದನದ ಕೊಟ್ಟಿಗೆ ಸೇರಿತ್ತು, ಎಮ್ಮೆಗೆ ಹಿಂಡಿ ನೆನೆಸಲು. ತಿಕೋಟದಾಕಿ ಅದನ್ನು ಎತ್ತಿಕೊಂಡು ಬಂದು ಹುಣಸೆಹಣ್ಣು ಹಾಕಿ ಉಜ್ಜಿದಳು. ಅತ್ತೆ ತಡೆದಳು. ಅದರಲ್ಲಿ ಪುಂಡಿಪಲ್ಲೆ ಮಾಡಿದರೆ ಮಸಿಯ ಹಾಗೆ ಕರ್ರಗಾಗುತ್ತದೆ, ಗಂಡಸರು ತಾಟು ಎಸೆಯುತ್ತಾರೆ ಅಂದಳು. ಮಾತು ನಿಜ. ಪುಂಡಿ ಸೊಪ್ಪಿನ ಹುಳಿ ಕಬ್ಬಿಣಕ್ಕೆ ತಾಗಿದರೆ ಪಲ್ಲೆ ಕರಿಯಾಗುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮೊದಲು ಗಂಡಸರು ಉಣ್ಣುತ್ತಿದ್ದರು. ಆಮೇಲೆ ಮಕ್ಕಳು, ಆಮೇಲೆ ಸೊಸೆ, ಎಲ್ಲರಿಗಿಂತ ಕಡೆಗೆ ಅತ್ತೆ. ಕಡೆಗೆ ಉಣ್ಣುವುದು ಮನೆಯ ಯಜಮಾನಿಗೆ ಒಂದು ದೊಡ್ಡಸ್ತಿಕೆ. ನಾಲ್ಕು ಜನ ಗಂಡಸರು ಎದ್ದ ಮೇಲೆ ಪಲ್ಲೆಯ ಪಾತ್ರೆಯಲ್ಲಿ ಉಳಿಯುತ್ತಿದ್ದದ್ದು ಎಣ್ಣೆಯ ಗೆರೆ. ನಾವು ಅದಕ್ಕೆ ನೀರು ಬೆರೆಸಿ, ಖಾರ ಹಚ್ಚಿಕೊಂಡು, ರೊಟ್ಟಿ ಮುಗಿಸಿ, ಮೇಲೆ ಬೆಲ್ಲದ ಚಹಾ ಕುಡಿಯುತ್ತಿದ್ದೆವು. ಅದು ಉಪವಾಸ ಅಂತ ನಮಗೆ ಅನಿಸಿರಲಿಲ್ಲ.

ತಿಕೋಟದಾಕಿ ಆ ಪದ್ಧತಿಯ ಜೊತೆ ಜಗಳ ಆಡಲಿಲ್ಲ. ಗಂಡಸರಿಗೆ ಬೆಳ್ಳನ್ನ ಪಾತ್ರೆಯಲ್ಲಿ ಮಾಡೋಣ, ಈ ಕರಿಯದು ಹೆಂಗಸರಿಗೆ ಇರಲಿ, ನಮಗೇನು ಚೆಂದ ಬೇಕು ಅಂದಳು. ಅತ್ತೆಗೆ ಅದು ನ್ಯಾಯವಾಗಿಯೇ ಕಂಡಿತು. ಹೀಗೆ ಎರಡು ಅಡಿಗೆ ಶುರುವಾದವು. ಬೆಳ್ಳನ್ನ ಪಾತ್ರೆ ಮೊದಲಿನ ಹಾಗೆ ಖಾಲಿ ಆಗುತ್ತಿತ್ತು. ಕರಿಯ ಬಾಣಲೆಯ ಹತ್ತಿರ ಯಾರೂ ಬರುತ್ತಿರಲಿಲ್ಲ. ಪುಂಡಿಪಲ್ಲೆ, ರಾಜಗಿರಿ, ಮೆಂತ್ಯದ ಪಲ್ಲೆ, ಮೊಳಕೆ ಬಂದ ಮಡಕೆ ಕಾಳು, ತುಂಬಿದ ಬಾಣಲೆಗೆ ಬಾಣಲೆ ನನ್ನ ಪಾಲಿಗೆ ಉಳಿಯುತ್ತಿತ್ತು. ರೊಟ್ಟಿಯೂ ಹಾಗೆಯೇ. ಜೋಳದ ಬಿಳಿ ರೊಟ್ಟಿ ಅವರಿಗೆ. ಆಳುಗಳಿಗೆ ಅಂತ ಬಡಿಯುತ್ತಿದ್ದ ಸಜ್ಜೆಯ ರೊಟ್ಟಿಯಲ್ಲಿ ಎರಡು ನನಗೆ, ಮೇಲೆ ಗುರೆಳ್ಳಿನ ಚಟ್ನಿ. ಪಲ್ಲೆಯ ಮೇಲೆ ಅರ್ಧ ನಿಂಬೆಹಣ್ಣು ಹಿಂಡದೆ ತಾಟು ಬಿಡುತ್ತಿರಲಿಲ್ಲ.

"ಗಂಡಸರು ಮೂಗ ಮುರಿಯೂವಂಥಾದ್ದ ಮಾಡಬೇಕ ನೋಡು," ಅಂತ ನನ್ನ ಕಿವಿಯಲ್ಲಿ ಹೇಳಿದ್ದಳು. "ಅಂದ್ರ ಪೂರಾ ನಮಗ ಉಳೀತೈತಿ."

ಚಹಾದ ಮಾತಿನಲ್ಲಿ ಮಾತ್ರ ನಾನು ಆಕೆಯನ್ನು ದ್ವೇಷ ಮಾಡಿದೆ. ಊಟದ ಮೇಲೆ ಚಹಾ ಕುಡಿದರೆ ಉಂಡ ಪಲ್ಲೆ ಉಂಡ ಹಾಗಲ್ಲ ಅಂತ ನರ್ಸಬಾಯಿ ಹೇಳಿದ್ದಳಂತೆ. ನನಗೆ ಆ ಚಹಾ ಒಂದೇ ಸುಖ. ಆಕೆ ನನ್ನ ಕಪ್ಪು ಎತ್ತಿ ಕಿಡಕಿಯಲ್ಲಿ ಇಡುತ್ತಿದ್ದಳು. ಹೊಸ್ತಿಲ ಮೇಲಿನ ಬಿಸಿಲು ತುಳಸಿಕಟ್ಟೆ ಮುಟ್ಟುವ ತನಕ ಮುಟ್ಟುವ ಹಾಗಿಲ್ಲ. ಮುಟ್ಟುವಷ್ಟರಲ್ಲಿ ಚಹಾ ಆರಿ, ಮೇಲೆ ಕೆನೆ ಕಟ್ಟಿ, ಒಂದು ನೊಣವೂ ಬಿದ್ದಿರುತ್ತಿತ್ತು. ನಾನು ಅದನ್ನೇ ಕುಡಿಯುತ್ತಿದ್ದೆ. ನೊಣ ತೆಗೆದು.

ಎರಡು ತಿಂಗಳಿಗೆ ನನಗೆ ಮಣ್ಣಿನ ಆಸೆ ಹೋಯಿತು. ಹಾಕಿದ ಮೆತ್ತು ಹಾಗೆಯೇ ಇತ್ತು. ಆಕೆ ಅದನ್ನು ದಿನಾ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

ಐದನೆಯ ತಿಂಗಳಲ್ಲಿ ಒಂದು ದಿನ ನನಗೆ ಸೀರೆಯ ಮೇಲೆ ಕಲೆ ಕಂಡಿತು. ಹೋದ ಸಲ ಹೋದದ್ದೂ ಐದಕ್ಕೇ. ಸೂಲಗಿತ್ತಿ ಬಂದು, ಕಾಲ ಕೆಳಗೆ ದಿಂಬು ಕೊಟ್ಟು, ಏಳಬೇಡ ಅಂತ ಮಲಗಿಸಿ ಹೋದಳು. ಅತ್ತೆ ಕರಿಯ ಬಾಣಲೆಯ ಮುಂದೆ ನಿಂತು ಕೂಗಾಡಿದಳು. ಸಜ್ಜೆ ಉಷ್ಣ, ಗುರೆಳ್ಳು ಉಷ್ಣ, ಬೆಲ್ಲ ಉಷ್ಣ, ಬಸುರಿಗೆ ಇವನ್ನೆಲ್ಲ ತಿನ್ನಿಸಿ ಒಳಗಿನ ಕೂಸನ್ನು ಬೇಯಿಸಿದಳು, ತನ್ನ ಮಗಳನ್ನು ತಿಂದವಳು ನಮ್ಮ ಮನೆಗೂ ಬಂದಳು ಅಂದಳು. ತಿಕೋಟದಾಕಿ ನನ್ನ ಮುಖ ನೋಡಿದಳು. ನಾನು ಗೋಡೆಯಲ್ಲಿ ದೀಪ ಇಡುವ ಮಾಡದ ಕಡೆ ನೋಡಿದೆ.

ನಡೆದದ್ದು ಬೇರೆ. ಭಾರ ಎತ್ತಬೇಡ ಅಂತ ಆಕೆ ನನಗೆ ಹತ್ತು ಸಲ ಹೇಳಿದ್ದಳು. ಅಂದು ಬೆಳಿಗ್ಗೆ ಮೈಯಲ್ಲಿ ಕಸುವು ಬಂದ ಹಾಗಿತ್ತು. ಬಾವಿಯ ಹತ್ತಿರ ಓರಗೆಯವರ ಮುಂದೆ ಮೆರೆಯಬೇಕು ಅನಿಸಿ, ಕೊಡದ ಮೇಲೆ ಕೊಡ ಇಟ್ಟುಕೊಂಡು ಮೂರು ಸಲ ನೀರು ತಂದಿದ್ದೆ. ಅದನ್ನು ನಾನು ಹೇಳಲಿಲ್ಲ. ಬಾಯಿ ಬಿಟ್ಟಿದ್ದರೆ ಆಕೆಯ ಮೇಲಿನ ಮಾತು ಹೋಗುತ್ತಿತ್ತು. ಬಿಡಲಿಲ್ಲ. ಆಕೆ ಸೆರಗು ಝಾಡಿಸಿಕೊಂಡು ಹೊರಗೆ ಹೋದಳು. ಬಾಣಲೆ ಮತ್ತೆ ಕೊಟ್ಟಿಗೆಗೆ ಹೋಯಿತು. ನನಗೆ ಗಂಜಿ, ಬಿಳಿ ರೊಟ್ಟಿ, ಚಹಾ.

ನಾಲ್ಕು ದಿನಕ್ಕೆ ಕಲೆ ನಿಂತಿತು. ಕೂಸು ಉಳಿಯಿತು. ಆದರೂ ಬಾಣಲೆ ಬರಲಿಲ್ಲ. ಎಂಟು ದಿನ, ಹದಿನೈದು ದಿನ. ನಾನು ಗೋಡೆಯ ಮೂಲೆಯಲ್ಲಿ ಮೆತ್ತಿದ್ದ ಮಣ್ಣನ್ನು ಮತ್ತೆ ಕೆರೆಯಲು ಹತ್ತಿದೆ.

ಇಪ್ಪತ್ತು ದಿನಕ್ಕೆ ಇರಬೇಕು, ಹಾಡೇ ಹಗಲು ಆಕೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಳು. ಒಳಗೆ ಬರುವುದಿಲ್ಲ, ಅತ್ತೆಯನ್ನು ಹೊರಗೆ ಕರಿ ಅಂದಳು. ಕೈಯಲ್ಲಿ ಕುಂಕುಮದ ಡಬ್ಬಿಯ ಸಣ್ಣ ಕನ್ನಡಿ ಇತ್ತು. ಅತ್ತೆ ಬೈಯಲಿಕ್ಕೇ ಹೊರಗೆ ಬಂದಳು. ಬರುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದು ಗಳಿಗೆ ನಿಂತಳು, ಕಣ್ಣಿಗೆ ಕತ್ತಲೆ ಬಂದವರ ಹಾಗೆ. ಹೀಗೆ ನಿಲ್ಲುವುದನ್ನು ನಾನು ದಿನಾ ನೋಡುತ್ತಿದ್ದೆ, ವಯಸ್ಸು ಅಂದುಕೊಂಡಿದ್ದೆ. ಆಗ ಅತ್ತೆಗೆ ನಲವತ್ತೂ ಆಗಿರಲಿಲ್ಲ.

ತಿಕೋಟದಾಕಿ ಎದ್ದು, ಕೇಳದೆ, ಅತ್ತೆಯ ಕಣ್ಣಿನ ರೆಪ್ಪೆ ಎಳೆದು ಕನ್ನಡಿ ಹಿಡಿದಳು. ಆಮೇಲೆ ನನ್ನದು ಎಳೆದು ಅತ್ತೆಗೆ ತೋರಿಸಿದಳು. ಎರಡೂ ಒಂದೇ, ಜೋಳದ ಹಿಟ್ಟು. ಅಷ್ಟರಲ್ಲಿ ನಮ್ಮ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣಾಳು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದಳು. ಆರು ತಿಂಗಳ ಬಸುರಿ ಆಕೆ, ಊರ ಹೊರಗಿನ ಕೇರಿಯವಳು. ನಾವು ಅವರನ್ನು ಮುಟ್ಟುತ್ತಿರಲಿಲ್ಲ. ಆಗ ಹಾಗಿತ್ತು, ಮುಚ್ಚಿಡುವುದೇನು. ತಿಕೋಟದಾಕಿ ಆಕೆಯನ್ನು ನಿಲ್ಲಿಸಿ, ಹೊರೆ ಇಳಿಸಲು ಕೈ ಕೊಟ್ಟು, ಅವಳ ಕಣ್ಣನ್ನೂ ಎಳೆದಳು. ಒಳಗೆ ಡಾಳಿಂಬ್ರಿ ಹಣ್ಣಿನ ಕಾಳಿನ ಹಾಗೆ ಕೆಂಪು.

ಮುಟ್ಟಿದೆಯಲ್ಲ, ಇನ್ನು ಜಳಕ ಮಾಡಬೇಕು ನೀನು, ಅಂದಳು ಅತ್ತೆ.

"ಜಳಕ ಆಮ್ಯಾಲ ಮಾಡತೀನ್ರಿ. ಮೊದಲ ಈಕಿ ಕಣ್ಣ ನೋಡ್ರಿ. ದಿನಾ ನಿಮ್ಮ ಮನಿ ಸಜ್ಜಿ ರೊಟ್ಟಿ ತಿಂತಾಳ. ಉಷ್ಣ ಆಗಿ ಈಕಿ ಕೂಸು ಬೆಂದೈತೇನ ಕೇಳ್ರಿ."

ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದಳು. ಆ ಹೆಣ್ಣಾಳಿಗೆ ನಾಚಿಕೆ, ಹೊರೆ ಎತ್ತಿಕೊಂಡು ಹೋದಳು. ಅತ್ತೆ ಕಟ್ಟೆಯ ಮೇಲೆ ಕೂತು ಆ ಕನ್ನಡಿಯಲ್ಲಿ ತನ್ನ ಕಣ್ಣನ್ನು ತಾನೇ ಎಳೆದುಕೊಂಡು ಮತ್ತೊಮ್ಮೆ ನೋಡಿದಳು. ತನಗೂ ಎರಡು ಬಸುರು ಇಳಿದುಹೋಗಿದ್ದವು, ನಾನು ಆ ಮನೆಗೆ ಬರುವ ಮೊದಲು ಅಂದಳು. ಯಾರಿಗೆ ಹೇಳಿದಳೋ. ಎರಡು ವರ್ಷ ಆ ಮನೆಯಲ್ಲಿ ಇದ್ದು ನಾನು ಅದನ್ನು ಕೇಳಿದ್ದು ಆವತ್ತೇ.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಬಾಣಲೆ ತಂದವಳು ಅತ್ತೆ. ಹುಣಸೆಹಣ್ಣು ಹಾಕಿ ಉಜ್ಜಿದವಳೂ ಅತ್ತೆಯೇ, ಬಾತ ಕೈಯಲ್ಲಿ. ತಿಕೋಟದಾಕಿಯನ್ನು ಬಾ ಅನ್ನಲಿಲ್ಲ. ಬಂದಾಗ ಬೇಡ ಅನ್ನಲೂ ಇಲ್ಲ. ಆವತ್ತಿನಿಂದ ಅತ್ತೆ ನನ್ನ ಜೊತೆ ಒಂದೇ ಸಾಲಿನಲ್ಲಿ ಕೂತು ಕರಿಯ ಪಲ್ಲೆ ಉಂಡಳು. ಕಿಡಕಿಯಲ್ಲಿ ಎರಡು ಚಹಾದ ಕಪ್ಪು ಆರುತ್ತಿದ್ದವು. ನೊಣಕ್ಕೆ ತಟ್ಟೆ ಮುಚ್ಚುವ ಬುದ್ಧಿ ಅತ್ತೆಗೆ ಹೊಳೆಯಿತು, ನನಗೆ ಹೊಳೆದಿರಲಿಲ್ಲ.

ಕೊಡದ ಮಾತನ್ನು ನಾನು ತಿಕೋಟದಾಕಿಗೆ ಹೇಳಿಬಿಟ್ಟೆ. ಬಾಣಲೆ ತಿಕ್ಕುತ್ತ ಕೂತಿದ್ದಳು. ತಪ್ಪು ನನ್ನದು, ಬೈಸಿಕೊಂಡವರು ನೀವು ಅಂದೆ. ಆಕೆ ತಲೆ ಎತ್ತಲಿಲ್ಲ.

"ಗೊತ್ತಿತ್ತು. ನಿನ್ನ ಸಿಂಬಿ ಹಸಿ ಇತ್ತು." ಸಿಂಬಿ ಅಂದರೆ ಕೊಡದ ಕೆಳಗೆ ತಲೆಯ ಮೇಲೆ ಇಡುವ ಬಟ್ಟೆಯ ಸುರುಳಿ.

ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ನನಗ ಬೈದ್ರ ನಾ ನಮ್ಮ ಮನಿಗಿ ಹೋಗತೀನಿ. ನಿನಗ ಬೈದ್ರ ನೀ ಎಲ್ಲಿ ಹೋಗತಿ ಬೇ?"

ತಾಯಿ ಸತ್ತವಳಿಗೆ ತವರು ಅನ್ನುವುದು ಹೆಸರಿಗೆ. ಏಳನೆಯ ತಿಂಗಳಿಗೆ ನನ್ನನ್ನು ಬಾಣಂತನಕ್ಕೆ ಎಲ್ಲಿಗೆ ಕಳಿಸುವುದು ಅನ್ನುವ ಮಾತು ಬಂದಾಗ, ತಿಕೋಟದಾಕಿ ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂದಳು. ಅತ್ತೆ ಗಾಡಿಯಲ್ಲಿ ಎರಡು ಚೀಲ ಸಜ್ಜೆ, ಬೆಲ್ಲ ಹಾಕಿಸಿದಳು. ಬಾಣಲೆಯನ್ನೂ ಇಟ್ಟಳು.

ತಿಕೋಟಾದ ಆ ಮನೆ ಒಂದೇ ಪಡಸಾಲೆ, ಒಂದು ಕೋಣೆ. ಮಗಳು ಹೆತ್ತ ಕೋಣೆ ಅದೇ. ಆಕೆ ಅದನ್ನು ಸಾರಿಸಿ, ನನಗೆ ಹೊರಸು ಹಾಕಿ, ತಾನು ಬಾಗಿಲಿನಲ್ಲಿ ಚಾಪೆ ಹಾಸಿದಳು. ಅಲ್ಲಿ ಇದ್ದ ಎರಡು ತಿಂಗಳು ಆಕೆ ದಿನಾ ಬೆಳಿಗ್ಗೆ ನನ್ನ ಕಣ್ಣು ಎಳೆಯುತ್ತಿದ್ದಳು. ಏನು ಕಂಡಿತು ಅಂತ ಹೇಳುತ್ತಿರಲಿಲ್ಲ. ಕೇಳಿದರೆ, ಉಣ್ಣು ಅನ್ನುತ್ತಿದ್ದಳು. ಓಣಿಯ ಹೆಂಗಸರು ನೋಡಲು ಬಂದು, ಈಗ ಸ್ವಲ್ಪ ಕಪ್ಪಾಗಿದ್ದಾಳೆ ಪಾಪ ಅಂದರೆ, ಆಕೆ ಅವರಿಗೆ ಬೆಲ್ಲ ಕೊಟ್ಟು ಕಳಿಸುತ್ತಿದ್ದಳು.

ಹೆರಿಗೆ ಮಧ್ಯಾಹ್ನ ಆಯಿತು. ಕಷ್ಟದ ಹೆರಿಗೆ. ಹೆಣ್ಣು ಕೂಸು, ಅತ್ತಿತು. ಆಮೇಲೆ ನನಗೆ ರಕ್ತ ಹೋಗಲು ಹತ್ತಿತು. ಸೂಲಗಿತ್ತಿ ಹೊಟ್ಟೆ ಒತ್ತುತ್ತಿದ್ದಳು, ಬಟ್ಟೆಯ ಮೇಲೆ ಬಟ್ಟೆ ಬದಲಿಸುತ್ತಿದ್ದಳು. ನನಗೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಸೂರಿನ ಗಳುಗಳು ಒಂದರೊಳಗೊಂದು ಸೇರುತ್ತಿದ್ದವು. ತಿಕೋಟದಾಕಿ ಕೂಸನ್ನು ಮುಟ್ಟಲಿಲ್ಲ. ನನ್ನ ತಲೆಯ ಹತ್ತಿರ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಆಕೆಯ ಹೆಬ್ಬೆರಳು ನನ್ನ ಕೆನ್ನೆಯ ಮೇಲೆ ಇತ್ತು. ರೆಪ್ಪೆ ಎಳೆಯಲು ಆಕೆಗೆ ಧೈರ್ಯ ಬರಲಿಲ್ಲ. ಊರ ಹೆಂಗಸರ ಕಣ್ಣು ಕೇಳದೆ ಎಳೆದವಳು.

ರಕ್ತ ನಿಧಾನವಾಗಿ ನಿಂತಿತು. ಸೂಲಗಿತ್ತಿ ಕೈ ತೊಳೆಯಲು ಎದ್ದಳು. ಆಗ ಆಕೆ ನನ್ನ ರೆಪ್ಪೆ ಎಳೆದಳು. ಬಹಳ ಹೊತ್ತು ನೋಡಿದಳು. ಕೋಣೆಯಲ್ಲಿ ಬೆಳಕು ಸಾಲದು ಅಂತ ಬಾಗಿಲು ಪೂರಾ ತೆಗೆಸಿ ಮತ್ತೆ ನೋಡಿದಳು.

"ಐತಿ," ಅಂದಳು.

ಅಷ್ಟು ಅಂದು, ಹೊರಗೆ ಹೋಗಿ, ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತಳು. ಹೆಗಲು ಅಲುಗುತ್ತಿದ್ದವು. ನಾನು ಮಲಗಿದಲ್ಲಿಂದ ನೋಡಿದೆ. ಸ್ವಲ್ಪ ಹೊತ್ತಿಗೆ ಅಳವಿ ಬೀಜ ಹುರಿದ ವಾಸನೆ ಬಂತು, ಬಾಣಂತಿಗೆ ಬೆಲ್ಲ ಹಾಕಿ ಅಳವಿಯ ಪಾಯಸ ಮಾಡುತ್ತಿದ್ದಳು. ಉಣ್ಣಿಸಲು ಬಂದಾಗ ಮುಖ ಮೊದಲಿನಂತೆಯೇ ಇತ್ತು, ಕೊಡಲಿಯ ಹಾಗೆ.

ಆಮೇಲೆ ನಾನು ಮೂರು ಹೆತ್ತೆ, ಮೂರೂ ಬದುಕಿದವು. ಆಕೆ ಬಬಲೇಶ್ವರದಲ್ಲಿ ಇರುವ ತನಕ ನಮ್ಮ ಮನೆಗೆ ಬರುತ್ತಿದ್ದಳು. ಅಕ್ಕ ತೀರಿಕೊಂಡ ಮೇಲೆ ತಿಕೋಟಾಕ್ಕೆ ಹೋಗಿ ಉಳಿದಳು.

ಸ್ವಾತಂತ್ರ್ಯ ಬಂದ ಮರುವರ್ಷ ಆಕೆ ಬೇನೆ ಬಿದ್ದಿದ್ದಾಳೆ ಅಂತ ಸುದ್ದಿ ಬಂತು. ಹೊಟ್ಟೆಯೊಳಗಿನ ಬೇನೆ, ವಿಜಾಪುರದ ಡಾಕ್ಟರರು ನೋಡಿ ಮನೆಗೆ ಕಳಿಸಿದ್ದರು. ಆಕೆ ಸಾಯುವುದಕ್ಕೆ ಮೂರು ವಾರ ಮೊದಲು ನಾನು ಗಾಡಿ ಕಟ್ಟಿಸಿಕೊಂಡು ಹೋದೆ. ದೊಡ್ಡ ಮಗಳನ್ನು ಕರೆದುಕೊಂಡು ಹೋಗಿದ್ದೆ, ಆಕೆಯ ಕೋಣೆಯಲ್ಲೇ ಹುಟ್ಟಿದವಳನ್ನು. ಪುಂಡಿಪಲ್ಲೆ, ಸಜ್ಜೆಯ ರೊಟ್ಟಿ, ಎರಡು ನಿಂಬೆಹಣ್ಣು ಬುತ್ತಿ ಕಟ್ಟಿದ್ದೆ. ಅತ್ತೆ ಗುರೆಳ್ಳಿನ ಚಟ್ನಿ ಕುಟ್ಟಿ ಕೊಟ್ಟಿದ್ದಳು.

ಆಕೆ ಅದೇ ಹೊರಸಿನ ಮೇಲೆ ಇದ್ದಳು. ಅಗಲವಾದ ಅಂಗೈ ಹಾಗೆಯೇ ಇತ್ತು, ಉಳಿದದ್ದೆಲ್ಲ ಸಣ್ಣದಾಗಿತ್ತು. ಮೊದಲು ನೀವು ಉಣ್ಣಿರಿ, ನನಗೆ ಆಮೇಲೆ ನೋಡೋಣ ಅಂದಳು. ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಊರ ಹೆಂಗಸರಿಗೆಲ್ಲ ಬೇರೆ ಬಾಣಲೆ ಇಟ್ಟವಳು ತಾನು ಮಾತ್ರ ಎಲ್ಲರೂ ಎದ್ದ ಮೇಲೆ ಉಂಡಳು. ನಮ್ಮ ಮನೆಯಲ್ಲಿ ಇದ್ದಷ್ಟು ದಿನ ಆಕೆ ಏನು ಉಣ್ಣುತ್ತಾಳೆ ಅಂತ ನಾನು ಒಂದು ದಿನ ತಿರುಗಿ ನೋಡಿರಲಿಲ್ಲ. ನಾನು ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ನಿಂಬೆಹಣ್ಣು ಹಿಂಡಿ, ಆಕೆಯ ಬಾಯಿಗೆ ಇಟ್ಟೆ. ಮೂರು ತುತ್ತು ಹೋದವು. ನಾಲ್ಕನೆಯದಕ್ಕೆ ಬಾಯಿ ತಿರುಗಿಸಿದಳು.

ಆಗ ಕೈ ಒರೆಸಿಕೊಂಡು ನಾನು ಆಕೆಯ ಕಣ್ಣಿನ ರೆಪ್ಪೆ ಎಳೆದೆ. ಆಕೆ ಬೆಚ್ಚಿದಳು. ಅಷ್ಟು ವರ್ಷದಲ್ಲಿ ಆಕೆಯ ಕಣ್ಣು ಎಳೆದು ನೋಡಿದವರು ಯಾರೂ ಇರಲಿಲ್ಲ. ಒಳಗೆ ಸುಣ್ಣ.

"ಐತೇನ?" ಅಂದಳು.

"ಐತ್ರಿ."

ಆಕೆ ನಕ್ಕಳು. ನಿನಗೆ ಸುಳ್ಳು ಮೊದಲಿನಿಂದಲೂ ಬರುವುದಿಲ್ಲ, ಆವತ್ತೂ ನೀನು ಸಿಂಬಿ ಒಣಗಿಸಿ ಇಟ್ಟಿರಲಿಲ್ಲ ಅಂದಳು. ಆಮೇಲೆ ಕೈ ಚಾಚಿ ನನ್ನ ಮಗಳನ್ನು ಹತ್ತಿರ ಕರೆದಳು. ಹುಡುಗಿ ಹೆದರಿ ನನ್ನ ಸೀರೆ ಹಿಡಿದಿದ್ದಳು, ನಾನು ಮುಂದೆ ನೂಕಿದೆ. ಕರ್ರನ್ನ ಹುಡುಗಿ, ಬಾಯಿಯ ಸುತ್ತ ಬೆಲ್ಲ. ಆಕೆ ಹೆಬ್ಬೆರಳನ್ನು ಕೌದಿಗೆ ಒರೆಸಿಕೊಂಡು, ಹುಡುಗಿಯ ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು, ಬಾಗಿಲಿನ ಬೆಳಕಿಗೆ ತಿರುಗಿಸಿದಳು.

"ಇಲ್ಲೈತಿ," ಅಂದಳು.